ಒಂದೇ ಊರು: ಬಸ್ಸಿಗೆ ಸೇಡಂ, ರೈಲಿಗೆ ಸೇರಂ

ಬಸ್ಸಿನ ಬೋರ್ಡಿನಲ್ಲಿ ಸೇಡಂ. ರೈಲು ಟಿಕೆಟ್ಟಿನ ಇಂಗ್ಲಿಷಿನಲ್ಲಿ ಸೇರಂ. ಹೊರಗಿನವರು ಅಚ್ಚಿನ ತಪ್ಪೆಂದು ನಗುತ್ತಾರೆ. ಅದರ ಹಿಂದೆ ದೊಡ್ಡ ಕತೆಯೇ ಇದೆ.

1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಚಿತ್ತಾಪುರ, ಸೇಡಂ ಎರಡೂ ಆ ಹಳಿಯ ಊರುಗಳು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗೂ ಸೇರುತ್ತಿತ್ತು. ಕಚೇರಿಯಲ್ಲಿ ಮೊದಲು ಫಾರ್ಸಿ, ಆಮೇಲೆ ಉರ್ದು. ರೈಲಿನ ಕಾಗದದಲ್ಲಿ ಇಂಗ್ಲಿಷ್. ಉರ್ದುವಿನಲ್ಲಿ ನಾಲಿಗೆ ಹೊರಳಿಸುವ ಒಂದು 'ಡ' ಇದೆ, ಇಂಗ್ಲಿಷಿನಲ್ಲಿ ಅದನ್ನು 'ಆರ್' ಹಾಕಿ ಬರೆಯುವುದು ರೂಢಿ. 'ಸೇರಂ' ಬಂದದ್ದು ಆ ದಾರಿಯಲ್ಲೇ ಎಂಬುದು ನಮ್ಮ ಊಹೆ.

1948ರಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಗೆ ಕನ್ನಡ ಬಂತು, ಆದರೆ ಮೊಹಲ್ಲಾ, ಗಂಜ್ ಎಲ್ಲಿಗೂ ಹೋಗಲಿಲ್ಲ. 2014ರಲ್ಲಿ ಗುಲ್ಬರ್ಗ ಕಲಬುರಗಿಯಾಯಿತು. ಶಹಾಬಾದ್ ಮೊದಲು ಚಿತ್ತಾಪುರ ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು. ಹೀಗಾಗಿ ಅಲ್ಲಿನ ಒಂದು ಮನೆಯ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಊರಿನವೇನೋ ಅನ್ನಿಸುತ್ತದೆ.

2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಅದರಲ್ಲಿ ಊರಿಗಾಗಲಿ ಓಣಿಗಾಗಲಿ ಕನ್ನಡದ ಹೆಸರು, ಉರ್ದು ಹೆಸರು, ತೆಲುಗು ಹೆಸರು, ಹಳೆಯ ಹೆಸರು, ಜನ ಕರೆಯುವ ಇನ್ನೊಂದು ಹೆಸರು, ಎಲ್ಲಕ್ಕೂ ಬೇರೆ ಬೇರೆ ಟ್ಯಾಗ್ ಇದೆ. ತೊಡಕು ಇರುವುದು ಮನೆಯ ವಿಳಾಸದಲ್ಲಿ. ಓಣಿಯ ಹೆಸರನ್ನು ಕನ್ನಡದಲ್ಲಿ ಹಾಕಿ, ಮನೆಯ ವಿಳಾಸದಲ್ಲಿ ಅದೇ ಓಣಿಯನ್ನು ಇಂಗ್ಲಿಷಿನಲ್ಲಿ ಬರೆದರೆ, ಎರಡೂ ಒಂದೇ ಎಂದು ಕಂಪ್ಯೂಟರಿಗೆ ಸುಲಭವಾಗಿ ತಿಳಿಯುವುದಿಲ್ಲ. ಮೂಲೆಮನೆಗೆ ಎರಡು ಓಣಿ, ಎರಡು ವಿಳಾಸ ಇದ್ದರಂತೂ ಮುಗಿಯಿತು!

ಇದು ಬರೀ ಕಾಗುಣಿತದ ಜಗಳ ಅಂದುಕೊಂಡಿದ್ದೆವು. ಆಮೇಲೆ ಒಂದು ರಾತ್ರಿ ಚಿಂಚೋಳಿ ಕಡೆಯ ತಾಂಡಾದಲ್ಲಿ ನಮ್ಮ ಗೆಳೆಯನ ತಂಗಿಗೆ ಹೆರಿಗೆ ನೋವು ಬಂತು. ಹೇಳಿದ್ದು ಮನೆಮಾತಿನ ಹೆಸರು, ಮೊಬೈಲಿನಲ್ಲಿ ಇದ್ದದ್ದು ಕಾಗದದ ಹೆಸರು. ಗಾಡಿ ಬೇರೆ ತಾಂಡಾಕ್ಕೆ ಹೋಯಿತು. ಕೊನೆಗೆ ಟ್ರ್ಯಾಕ್ಟರ್‌ನಲ್ಲೇ ಕರೆದೊಯ್ದರು. ತಾಯಿ, ಕೂಸು ಉಳಿದವು.

ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ಹಾಗಾಗಿ ತಾಂಡಾದ ಹಿರಿಯರು ಹೇಳಿದ ಹೆಸರನ್ನು ಕನ್ನಡ ಲಿಪಿಯಲ್ಲೇ ಬರೆದು ಸೇರಿಸಿದೆವು. ಸರಕಾರಿ ಹೆಸರನ್ನು ಅಳಿಸಲಿಲ್ಲ, ಅದೂ ಬೇಕಾಗುತ್ತದೆ. ಈಗ ಆ ತಾಂಡಾ ಮೂರು ಹೆಸರಿನಿಂದ ಹುಡುಕಿದರೂ ಸಿಗುತ್ತದೆ. ಶಹಾಬಾದಿನ ಓಣಿಗಳು ಇನ್ನೂ ಬಾಕಿ ಇವೆ.