ಸುಲ್ತಾನ್ ಕಾಲುವೆ

ಸುಲ್ತಾನ್ ಕಾಲುವೆ (ಮಲಯಾಳದಲ್ಲಿ ಸುಲ್ತಾನ್ ತೋಡು) ಕೇರಳದ ಕಣ್ಣೂರು ಜಿಲ್ಲೆಯಲ್ಲಿ, ಏಳಿಮಲೆ ಬೆಟ್ಟಸಾಲಿನ ಪೂರ್ವಕ್ಕೆ ಇರುವ ಒಂದು ಕೃತಕ ಜಲಮಾರ್ಗ. ದಕ್ಷಿಣದ ಪಳಯಂಗಾಡಿ ಹೊಳೆಯನ್ನು ಉತ್ತರದ ಪೆರುಂಬಾ ಹೊಳೆಯೊಡನೆ ಜೋಡಿಸುವ ಈ ಕಾಲುವೆಯ ಉದ್ದ ಸುಮಾರು 3.8 ಕಿ.ಮೀ. ಮಲಬಾರ್ ಪ್ರದೇಶವು ಮೈಸೂರಿನ ಹೈದರ್ ಅಲಿಯ ವಶಕ್ಕೆ ಬಂದ 1766ರಲ್ಲಿ, ಕಣ್ಣೂರಿನ ಆಲಿ ರಾಜನ ಮೂಲಕ ಇದನ್ನು ತೋಡಿಸಲಾಯಿತು. ಏಳಿಮಲೆಯ ಭೂಶಿರವನ್ನು ಸಮುದ್ರದಲ್ಲಿ ಸುತ್ತಿ ಹೋಗುವ ಅಪಾಯವನ್ನು ತಪ್ಪಿಸಿ, ಮಳೆಗಾಲದಲ್ಲಿಯೂ ದೋಣಿಗಳು ಸಾಗುವಂತೆ ಮಾಡುವುದು ಇದರ ಉದ್ದೇಶವಾಗಿತ್ತು.

ಹೆಸರು

'ತೋಡು' ಎಂಬುದಕ್ಕೆ ಮಲಯಾಳದಲ್ಲಿ ಸಣ್ಣ ಹೊಳೆ, ಕಾಲುವೆ ಎಂಬ ಅರ್ಥವಿದೆ. ತುಳುವಿನಲ್ಲಿಯೂ ಕರಾವಳಿಯ ಕನ್ನಡದಲ್ಲಿಯೂ ಈ ನಾಮಪದ ಬಳಕೆಯಲ್ಲಿದೆ. ಬಯಲುಸೀಮೆಯ ಕನ್ನಡದಲ್ಲಿ ಇದು 'ಅಗೆ' ಎಂಬರ್ಥದ ಕ್ರಿಯಾಪದವಾಗಿ ಹೆಚ್ಚು ಪರಿಚಿತ.

'ಸುಲ್ತಾನ್' ಎಂಬ ಹೆಸರಿನಿಂದಾಗಿ ಕಾಲುವೆಯನ್ನು ಟಿಪ್ಪು ಸುಲ್ತಾನನೇ ತೋಡಿಸಿದನೆಂದು ಭಾವಿಸುವವರಿದ್ದಾರೆ. ಕಾಲಾನುಕ್ರಮವು ಇದಕ್ಕೆ ಹೊಂದುವುದಿಲ್ಲ. 1766ರಲ್ಲಿ ಟಿಪ್ಪು ಹದಿನಾರರ ಆಸುಪಾಸಿನ ಹುಡುಗ. ಅವನು ಅಧಿಕಾರಕ್ಕೆ ಬಂದದ್ದು ಹೈದರನ ಮರಣಾನಂತರ, 1782ರ ಡಿಸೆಂಬರಿನಲ್ಲಿ. ಕಣ್ಣೂರಿನ ಆಲಿ ರಾಜರಿಗೂ ಸುಲ್ತಾನ್ ಎಂಬ ಬಿರುದು ಸಲ್ಲುತ್ತಿತ್ತು.

ಭೌಗೋಳಿಕ ಹಿನ್ನೆಲೆ

ಏಳಿಮಲೆಯು ಕಡಲತಡಿಯಲ್ಲಿ ಒಂಟಿಯಾಗಿ ಎದ್ದು ನಿಂತಿರುವ ಬೆಟ್ಟಗಳ ಗುಂಪು. ಇದರ ಎತ್ತರ ಸುಮಾರು 286 ಮೀಟರ್. ಯುರೋಪಿನ ನಾವಿಕರು ಇದನ್ನು 'ಮೌಂಟ್ ಡೆಲಿ' ಎಂದು ಕರೆದರು. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳಿಗೆ ಮೊದಲು ಕಂಡ ಭಾರತದ ನೆಲ ಇದೇ ಎಂಬುದು ಪ್ರಚಲಿತ ನಂಬಿಕೆ. ದೂರದ ಹಡಗುಗಳಿಗೆ ಹೆಗ್ಗುರುತಾಗಿದ್ದ ಈ ಬೆಟ್ಟವು ದಡದ ಗುಂಟ ಸಾಗುವ ಸಣ್ಣ ದೋಣಿಗಳಿಗೆ ಅಡ್ಡಿಯಾಗಿತ್ತು. ಭೂಶಿರವು ಕಡಲೊಳಕ್ಕೆ ಚಾಚಿರುವುದರಿಂದ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತದ ಅಲೆಗಳು ಅಲ್ಲಿ ನೇರವಾಗಿ ಅಪ್ಪಳಿಸುತ್ತವೆ. ತಳ ಆಳವಿಲ್ಲದ ನಾಡದೋಣಿಗಳಿಗೆ ಆ ತಿಂಗಳುಗಳಲ್ಲಿ ಈ ಸುತ್ತು ದಾರಿ ಮುಚ್ಚಿದಂತೆಯೇ ಆಗುತ್ತಿತ್ತು.

ಬೆಟ್ಟದ ಎರಡೂ ಕಡೆಗಳಲ್ಲಿ ಒಳನಾಡಿನ ಜಲಮಾರ್ಗಗಳು ನಿಸರ್ಗದತ್ತವಾಗಿಯೇ ಇದ್ದವು. ದಕ್ಷಿಣದಲ್ಲಿ ಕೊಡಗಿನ ಘಟ್ಟಗಳಲ್ಲಿ ಹುಟ್ಟುವ ಕುಪ್ಪಂ ಹೊಳೆಯು ಪಳಯಂಗಾಡಿಯನ್ನು ಬಳಸಿ ಬಂದು, ಸಮುದ್ರದ ಬಳಿ ವಳಪಟ್ಟಣಂ ಹೊಳೆಯನ್ನು ಸೇರುತ್ತದೆ. ಪಳಯಂಗಾಡಿ ಹೊಳೆ ಎಂಬುದು ಈ ಕುಪ್ಪಂ ಹೊಳೆಯ ಕೆಳಭಾಗದ ಹೆಸರು. ಉತ್ತರದಲ್ಲಿ ಪಯ್ಯನ್ನೂರಿನ ಪಕ್ಕದಲ್ಲಿ ಹರಿಯುವ ಪೆರುಂಬಾ ಹೊಳೆಯು ಕವ್ವಾಯಿ ಹಿನ್ನೀರಿಗೆ ಸೇರುತ್ತದೆ. ಈ ಹಿನ್ನೀರು ಕಡಲಿಗೆ ಸಮಾನಾಂತರವಾಗಿ ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕಡೆಗೆ ಚಾಚಿದೆ. ಎರಡು ಜಲಮಾರ್ಗಗಳ ನಡುವೆ ಉಳಿದಿದ್ದುದು ತಗ್ಗಾದ ಕಿರಿದು ನೆಲ ಮಾತ್ರ. ಅದನ್ನು ಕಡಿದದ್ದೇ ಸುಲ್ತಾನ್ ಕಾಲುವೆ. ನಾಲ್ಕು ಕಿಲೋಮೀಟರಿಗೂ ಕಡಿಮೆ ಅಗೆತದಿಂದ ಕಣ್ಣೂರಿನ ಸಮೀಪದ ವಳಪಟ್ಟಣಂನಿಂದ ನೀಲೇಶ್ವರದವರೆಗಿನ ಒಳದಾರಿ ಅಖಂಡವಾಯಿತು.

ಇತಿಹಾಸ

1763ರಲ್ಲಿ ಕೆಳದಿ ಅರಸರ ಬಿದನೂರನ್ನು ಗೆದ್ದುದರಿಂದ ಹೊನ್ನಾವರ, ಮಂಗಳೂರು ಮೊದಲಾದ ಬಂದರುಗಳು ಹೈದರ್ ಅಲಿಯ ಕೈಸೇರಿದವು. ಮೈಸೂರು ನೌಕಾಬಲವನ್ನು ಕಟ್ಟುವುದಕ್ಕೆ ಇದು ದಾರಿ ಮಾಡಿತು. ಅನಂತರ ಅವನು ಉತ್ತರಕ್ಕೆ ತಿರುಗಿ ಸವಣೂರಿನ ನವಾಬನನ್ನು ಮಣಿಸಿದನು. ಆದರೆ 1764ರಲ್ಲಿ ಇಂದಿನ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯ ಬಳಿ ಪೇಶ್ವೆ ಮಾಧವರಾಯನ ಸೈನ್ಯವು ಅವನನ್ನು ಸೋಲಿಸಿತು. 1765ರ ಒಪ್ಪಂದದ ಪ್ರಕಾರ ಹೈದರನು ಮರಾಠರಿಗೆ ಹಣ ತೆತ್ತು, ಸವಣೂರಿನ ಮೇಲಿನ ಹಿಡಿತವನ್ನು ಬಿಡಬೇಕಾಯಿತು. ಮರುವರ್ಷವೇ ಅವನ ಗಮನ ದಕ್ಷಿಣದ ಕರಾವಳಿಯತ್ತ ಹರಿಯಿತು.

1766ರ ಆರಂಭದಲ್ಲಿ ಮೈಸೂರಿನ ಸೈನ್ಯವು ಮಂಗಳೂರಿನ ಕಡೆಯಿಂದ ಕೋಲತ್ತಿರಿ ಅರಸರ ನಾಡನ್ನು ಪ್ರವೇಶಿಸಿತು. ಚಿರಕ್ಕಲ್ ಕೇಂದ್ರವಾಗಿದ್ದ ಈ ಅರಸರಿಗೂ ಕಣ್ಣೂರಿನ ಅರಕ್ಕಲ್ ಮನೆತನದ ಆಲಿ ರಾಜನಿಗೂ ಹಿಂದಿನಿಂದ ಪೈಪೋಟಿಯಿತ್ತು. ಆಲಿ ರಾಜನು ಹೈದರನ ಪಕ್ಷ ವಹಿಸಿದನು. ಗೆದ್ದ ನಾಡಿನ ಆಡಳಿತವು ಅವನ ಕೈಗೆ ಬಂದಿತು. ಕಾಲುವೆಯ ಕೆಲಸವು ಈ ಅವಧಿಗೆ ಸೇರಿದುದೆಂದು ಮಲಬಾರಿನ ಕಲೆಕ್ಟರನಾಗಿದ್ದ ವಿಲಿಯಂ ಲೋಗನ್ ತನ್ನ 'ಮಲಬಾರ್ ಮ್ಯಾನ್ಯುಯಲ್' (1887) ಗ್ರಂಥದಲ್ಲಿ ದಾಖಲಿಸಿದ್ದಾನೆ. ಆದ್ದರಿಂದ ಇದನ್ನು ಹೈದರನ ಕಾಲುವೆ ಎನ್ನುವುದೂ ಆಲಿ ರಾಜನ ಕಾಲುವೆ ಎನ್ನುವುದೂ ಪರಸ್ಪರ ವಿರುದ್ಧವಲ್ಲ. ಅಧಿಕಾರ ಮೈಸೂರಿನದು, ಕೆಲಸ ಮಾಡಿಸಿದವನು ಆಲಿ ರಾಜ.

ಇಂತಹ ದಾರಿಯ ಅಗತ್ಯವೇನೆಂಬುದು ಅದೇ ವರ್ಷದ ಮಳೆಗಾಲದಲ್ಲಿ ಸ್ಪಷ್ಟವಾಯಿತು. ಮಲಬಾರಿನ ನಾಯರ್ ಪಡೆಗಳು ದಂಗೆಯೆದ್ದಾಗ, ತುಂಬಿ ಹರಿಯುವ ಹೊಳೆಗಳ ನಡುವೆ ಮೈಸೂರಿನ ಸೈನ್ಯದ ಚಲನೆ ಕುಂಠಿತವಾಯಿತು. ಒಳನಾಡಿನ ಜಲಮಾರ್ಗವಿದ್ದಲ್ಲಿ ಧಾನ್ಯ, ಮದ್ದುಗುಂಡು ಮತ್ತು ಸುದ್ದಿಯನ್ನು ವರ್ಷದ ಯಾವ ಕಾಲದಲ್ಲಿಯೂ ಸಾಗಿಸಬಹುದಾಗಿತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಿಂದ ಮಲಬಾರ್ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. ಕಾಲುವೆಯೂ ಅದರೊಂದಿಗೆ ಕೈ ಬದಲಾಯಿಸಿತು.

ಬಳಕೆ ಮತ್ತು ಅವನತಿ

ಕಾಲುವೆಯಲ್ಲಿ ಬಾಗಿಲುಗಳಿಲ್ಲ, ಅದರ ನೀರು ಕಡಲಿನ ಉಬ್ಬರವಿಳಿತದೊಂದಿಗೆ ಏರಿ ಇಳಿಯುತ್ತದೆ. ಇಂತಹ ಮಾರ್ಗಗಳಲ್ಲಿ ದೋಣಿಗಾರರು ಉಬ್ಬರದ ಹೊತ್ತನ್ನು ನೋಡಿಕೊಂಡು, ಹುಟ್ಟು ಹಾಕಿ ಅಥವಾ ಗಳು ಊರಿ ದೋಣಿ ನಡೆಸುತ್ತಾರೆ. ಎರಡು ತುದಿಗಳಿಂದ ನುಗ್ಗುವ ಉಬ್ಬರದ ನೀರು ನಡುವೆ ಸಂಧಿಸುವ ಕಡೆ ಹರಿವು ನಿಂತು ಹೂಳು ಕೂರುತ್ತದೆ. ಆಗಾಗ ಹೂಳೆತ್ತದಿದ್ದರೆ ಇಂತಹ ಕಾಲುವೆ ಬಹುಕಾಲ ಬಾಳುವುದಿಲ್ಲ.

ಕಾಲುವೆಯ ಮಹತ್ವ ಕುಗ್ಗಲು ಮುಖ್ಯ ಕಾರಣ ರೈಲು. ಕಣ್ಣೂರಿನಿಂದ ಉತ್ತರಕ್ಕೆ ಸಾಗಿದ ರೈಲುಮಾರ್ಗವು 1907ರಲ್ಲಿ ಮಂಗಳೂರನ್ನು ಮುಟ್ಟಿತು. ಪಳಯಂಗಾಡಿ, ಪಯ್ಯನ್ನೂರು ಎರಡೂ ಈ ಮಾರ್ಗದ ನಿಲ್ದಾಣಗಳು. ಅಂದರೆ ಕಾಲುವೆ ಜೋಡಿಸಿದ್ದ ಎರಡು ತೀರಗಳನ್ನೇ ರೈಲೂ ಜೋಡಿಸಿತು. ಮುಂದೆ ರಸ್ತೆಗಳೂ ಸೇತುವೆಗಳೂ ಆದ ಮೇಲೆ ದೂರದ ಸರಕು ಸಾಗಾಟ ನಿಂತಿತು.

ಪರಿಸರ

ಕಾಲುವೆಯ ಸುತ್ತಲಿನ ಪ್ರದೇಶವು ಉಪ್ಪುನೀರಿನ ಜೌಗುನೆಲ. ಕೇರಳದ ಕಾಂಡ್ಲಾ ಕಾಡುಗಳ ದೊಡ್ಡ ಪಾಲು ಕಣ್ಣೂರು ಜಿಲ್ಲೆಯಲ್ಲಿದ್ದು, ಸಮೀಪದ ಕುಞಿಮಂಗಲವು ಅವುಗಳಿಗೆ ಹೆಸರಾಗಿದೆ. ಪಳಯಂಗಾಡಿ ಹೊಳೆಯ ದಡಗಳಲ್ಲಿ ಕಾಂಡ್ಲಾ ಗಿಡಗಳನ್ನು ನೆಟ್ಟು ಬೆಳೆಸಿದ ಕಲ್ಲೇನ್ ಪೊಕ್ಕುಡನ್ (ನಿಧನ 2015) ಈ ಭಾಗದವರು. ಉಪ್ಪು ಸಹಿಸುವ ಭತ್ತವನ್ನು ಮಳೆಗಾಲದಲ್ಲಿ ಬೆಳೆದು, ಉಳಿದ ತಿಂಗಳುಗಳಲ್ಲಿ ಅದೇ ಗದ್ದೆಯಲ್ಲಿ ಸಿಗಡಿ ಹಿಡಿಯುವ 'ಕೈಪಾಡ್' ಪದ್ಧತಿಯೂ ಇಲ್ಲಿಯದು. ಉಬ್ಬರದ ನೀರು ಗದ್ದೆಗಳಿಗೆ ಬರುವ ಹೊತ್ತು, ಪ್ರಮಾಣಗಳ ಮೇಲೆ ಈ ಬೇಸಾಯ ನಿಂತಿರುವುದರಿಂದ, ಕಾಲುವೆಗಳನ್ನು ಅಗಲ ಮಾಡುವುದು ಕೇವಲ ಸಾರಿಗೆಯ ವಿಷಯವಾಗಿ ಉಳಿಯುವುದಿಲ್ಲ.

ಪುನರುಜ್ಜೀವನ ಯೋಜನೆ

ಕೇರಳ ಸರ್ಕಾರದ ಪಶ್ಚಿಮ ಕರಾವಳಿ ಕಾಲುವೆ ಯೋಜನೆಯು ತಿರುವನಂತಪುರದ ಕೋವಳಂನಿಂದ ಕಾಸರಗೋಡಿನ ಬೇಕಲದವರೆಗೆ 616 ಕಿ.ಮೀ. ಒಳನಾಡು ಜಲಮಾರ್ಗವನ್ನು ಉದ್ದೇಶಿಸಿದೆ. ಇದರ ದಕ್ಷಿಣ ಭಾಗದ ಕೊಲ್ಲಂ–ಕೋಟ್ಟಪ್ಪುರಂ ಮಾರ್ಗವು 1993ರಲ್ಲಿ 3ನೆಯ ರಾಷ್ಟ್ರೀಯ ಜಲಮಾರ್ಗವಾಯಿತು. 2016ರ ಕಾಯ್ದೆಯಿಂದ ಅದು ಕೋಳಿಕ್ಕೋಡ್‌ವರೆಗೆ ವಿಸ್ತರಿಸಿತು. ಸುಲ್ತಾನ್ ಕಾಲುವೆಯು ಯೋಜನೆಯ ಉತ್ತರ ಭಾಗಕ್ಕೆ ಸೇರುತ್ತದೆ.

ಉತ್ತರ ಭಾಗದಲ್ಲಿ ಮಾಹೆಗೂ ವಳಪಟ್ಟಣಂಗೂ ನಡುವೆ ಸುಮಾರು 26 ಕಿ.ಮೀ. ಉದ್ದದ ಹೊಸ ಕಾಲುವೆಗಳನ್ನು ತೋಡಬೇಕಾಗಿದೆ. ಜನವಸತಿ ದಟ್ಟವಾಗಿರುವ ಈ ಪ್ರದೇಶದಲ್ಲಿ ಮನೆ, ಬಾವಿ, ಗದ್ದೆಗಳನ್ನು ಕಳೆದುಕೊಳ್ಳುವ ಹಾಗೂ ಸಿಹಿನೀರಿನ ಬಾವಿಗಳಿಗೆ ಉಪ್ಪು ನುಗ್ಗುವ ಆತಂಕದಿಂದ ನಿವಾಸಿಗಳು ವಿರೋಧ ವ್ಯಕ್ತಪಡಿಸಿದ್ದಾರೆ. ಸರಕು ಸಾಗಾಟ, ಪ್ರವಾಸೋದ್ಯಮಗಳಿಂದ ಲಾಭವಿದೆ ಎಂಬುದು ಯೋಜನೆಯ ಪರವಾದ ವಾದ.

ಇದೇ ಬಗೆಯ ಇತರ ಕಾಲುವೆಗಳು

ಕನೋಲಿ ಕಾಲುವೆ: ಕೋಳಿಕ್ಕೋಡ್‌ನಲ್ಲಿ ಕೋರಪ್ಪುಳ ಮತ್ತು ಕಲ್ಲಾಯಿ ಹೊಳೆಗಳನ್ನು ಜೋಡಿಸುತ್ತದೆ. ಮಲಬಾರಿನ ಕಲೆಕ್ಟರನಾಗಿದ್ದ ಎಚ್. ವಿ. ಕನೋಲಿ 1848ರಲ್ಲಿ ತೋಡಿಸಿದನು. ಉದ್ದ 11.4 ಕಿ.ಮೀ.

ಬಕಿಂಗ್‌ಹ್ಯಾಮ್ ಕಾಲುವೆ: ಪೂರ್ವ ಕರಾವಳಿಯಲ್ಲಿ ಆಂಧ್ರಪ್ರದೇಶ ಮತ್ತು ತಮಿಳುನಾಡುಗಳಲ್ಲಿ ಕಡಲಿಗೆ ಸಮಾನಾಂತರವಾಗಿದೆ. ಇದರ ಒಂದು ಭಾಗ 1876–78ರ ಬರಗಾಲದ ಪರಿಹಾರ ಕಾಮಗಾರಿಯಾಗಿ ನಡೆಯಿತು.

ಕೊರಿಂತ್ ಕಾಲುವೆ: ಗ್ರೀಸ್ ದೇಶದ್ದು. 1893ರಲ್ಲಿ ತೆರೆಯಿತು. ಸುಮಾರು 6.4 ಕಿ.ಮೀ. ಉದ್ದವಿದ್ದು, ಪೆಲೊಪೊನೀಸ್ ಪರ್ಯಾಯದ್ವೀಪವನ್ನು ಸುತ್ತುವುದನ್ನು ತಪ್ಪಿಸುತ್ತದೆ.