ಘಟ್ಟದ ಹಾವು, ಮುಂಬಯಿಯ ಕುದುರೆ: ಪ್ರತಿವಿಷದ ಇತಿಹಾಸವೂ ಶಿರಸಿ–ಸಿದ್ದಾಪುರ–ಯಲ್ಲಾಪುರ ಸೀಮೆಯೂ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಚರಿತ್ರೆಯನ್ನು ವಿವೇಚಿಸುವಾಗ ಅರಸುಮನೆತನಗಳು, ಮಠಗಳು, ಅರಣ್ಯದ ಕಾನೂನುಗಳು, ಕರನಿರಾಕರಣೆಯ ಚಳುವಳಿ ಮೊದಲಾದವು ಸಹಜವಾಗಿಯೇ ನಮ್ಮ ಗಮನವನ್ನು ಸೆಳೆಯುತ್ತವೆ. ಅಡಿಕೆತೋಟದಲ್ಲಿ ದುಡಿಯುವವರಿಗೂ ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸುವವರಿಗೂ ನಿತ್ಯದ ಭಯವಾದ ಹಾವಿನ ಕಡಿತವು ಚರಿತ್ರೆಯ ವಸ್ತುವೆಂದು ಎಣಿಕೆಗೆ ಬಂದುದು ವಿರಳ. ಆದರೆ ಹಾವಿನ ವಿಷಕ್ಕೆ ಕಂಡುಕೊಂಡ ಔಷಧಕ್ಕೂ ಒಂದು ಇತಿಹಾಸವುಂಟು. ಆ ಇತಿಹಾಸಕ್ಕೆ ಒಂದು ಭೂಗೋಳವೂ ಉಂಟು. ಯಾವ ಹಾವಿನ ವಿಷವನ್ನು ಕುದುರೆಗೆ ಚುಚ್ಚಲಾಯಿತೋ ಆ ಹಾವು ಕಚ್ಚಿದವನಿಗೆ ಮಾತ್ರ ಅದರ ರಕ್ತದಿಂದ ತೆಗೆದ ಔಷಧವು ನಿಶ್ಚಿತವಾಗಿ ಒದಗುತ್ತದೆ. ಈ ಒಂದು ತತ್ತ್ವದ ಬೆಳಕಿನಲ್ಲಿ ನಮ್ಮ ಸೀಮೆಯ ಸ್ಥಿತಿಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉತ್ತರ ಕನ್ನಡವು ೧೮೬೨ರಲ್ಲಿ ಮದರಾಸು ಪ್ರಾಂತದಿಂದ ಬೇರ್ಪಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯ ಪ್ರಕೃತಿ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ೧೮೯೦ರಲ್ಲಿ ಜಿ. ಡಬ್ಲ್ಯು. ವಿಡಾಲ್ ಎಂಬ ಅಧಿಕಾರಿಯು ಈ ಜಿಲ್ಲೆಯ ವಿಷಸರ್ಪಗಳ ಪಟ್ಟಿಯೊಂದನ್ನು ಪ್ರಕಟಿಸಿದನು. ಮಾರಕ ಹಾವುಗಳನ್ನು ಜನರೂ ಅಧಿಕಾರಿಗಳೂ ಸರಿಯಾಗಿ ಗುರುತಿಸದಿರುವ ಸಂಗತಿಯನ್ನು ಅವನು ಆ ಲೇಖನದ ಶೀರ್ಷಿಕೆಯಲ್ಲಿಯೇ ಸೂಚಿಸಿದ್ದನು. ಪ್ರತಿವಿಷವೆಂಬುದು ಇನ್ನೂ ಹುಟ್ಟದಿದ್ದ ಕಾಲವದು. ಹಾವನ್ನು ಗುರುತಿಸುವ ಪ್ರಶ್ನೆಯು ಔಷಧಕ್ಕಿಂತ ಮೊದಲೇ ನಮ್ಮ ಜಿಲ್ಲೆಯಲ್ಲಿ ಎದ್ದಿತೆಂಬುದು ಗಮನಾರ್ಹವಾಗಿದೆ.

ಇದಾದ ನಾಲ್ಕೇ ವರ್ಷಗಳಲ್ಲಿ, ಎಂದರೆ ೧೮೯೪ರಲ್ಲಿ, ಫ್ರಾನ್ಸಿನ ಫಿಸಾಲಿ ಮತ್ತು ಬರ್ತ್ರಾಂ ಎಂಬುವರೂ, ಅವರಿಂದ ಸ್ವತಂತ್ರವಾಗಿ ಆಲ್ಬರ್ ಕಾಲ್ಮೆತ್ ಎಂಬುವನೂ, ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತದಲ್ಲಿ ವಿಷನಿವಾರಕ ಶಕ್ತಿ ಹುಟ್ಟುವುದೆಂದು ತೋರಿಸಿಕೊಟ್ಟರು. ಕಾಲ್ಮೆತನು ಹಿಂದೆ ಸೈಗಾನಿನಲ್ಲಿದ್ದಾಗ, ಪ್ರವಾಹಕ್ಕೆ ಸಿಕ್ಕಿದ ಹಳ್ಳಿಗೆ ನಾಗರಹಾವುಗಳು ನುಗ್ಗಿ ಹಲವರನ್ನು ಕಚ್ಚಿದ ಪ್ರಸಂಗವೇ ಅವನನ್ನು ಈ ಸಂಶೋಧನೆಗೆ ಪ್ರೇರಿಸಿತ್ತು. ಲಿಲ್ ನಗರದ ಪಾಶ್ಚರ್ ಸಂಸ್ಥೆಯಲ್ಲಿ ಅವನು ನಾಗರಹಾವಿನ ವಿಷವನ್ನು ಹೈಪೋಕ್ಲೋರೈಟ್ ದ್ರಾವಣದೊಡನೆ ಬೆರೆಸಿ, ಉಗ್ರತೆಯನ್ನು ತಗ್ಗಿಸಿ, ಕುದುರೆಗಳಿಗೆ ಚುಚ್ಚಿದನು. ಕ್ರಮೇಣ ಹೈಪೋಕ್ಲೋರೈಟನ್ನು ಕಡಿಮೆಮಾಡಿ ವಿಷದ ಪ್ರಮಾಣವನ್ನು ಹೆಚ್ಚಿಸುತ್ತ ಹೋದನು. ಒಂದು ಕುದುರೆ ಸಿದ್ಧವಾಗಲು ವರ್ಷಕ್ಕೂ ಮೀರಿದ ಕಾಲ ಹಿಡಿಯುತ್ತಿತ್ತು. ದೊಡ್ಡ ಶರೀರ, ಪಳಗಿದ ಸ್ವಭಾವ, ಒಂದೇ ಸಲಕ್ಕೆ ಲೀಟರುಗಟ್ಟಲೆ ರಕ್ತವನ್ನು ಕೊಟ್ಟೂ ಚೇತರಿಸಿಕೊಳ್ಳುವ ಶಕ್ತಿ: ಇವೇ ಕುದುರೆಯನ್ನು ಈ ಕಾರ್ಯಕ್ಕೆ ಯೋಗ್ಯವಾಗಿಸಿದ ಗುಣಗಳು.

ಆದರೆ ಕಾಲ್ಮೆತನು ತನ್ನ ಸೀರಮ್ ಎಲ್ಲ ಹಾವುಗಳ ವಿಷಕ್ಕೂ ನಾಟುವುದೆಂದು ಭಾವಿಸಿದ್ದನು. ಈ ಭಾವನೆಯನ್ನು ಅಲುಗಿಸಿದ ಪ್ರಯೋಗಗಳಲ್ಲಿ ಕೆಲವು ನಡೆದುದು ಮುಂಬಯಿಯಲ್ಲಿ. ಪ್ಲೇಗಿನ ಸಂಶೋಧನೆಗೆಂದು ಸ್ಥಾಪಿತವಾಗಿ, ೧೮೯೯ರಲ್ಲಿ ಪರೇಲಿನ ಹಳೆಯ ಗವರ್ನರ್ ಬಂಗಲೆಗೆ ಬಂದ ಪ್ರಯೋಗಾಲಯದಲ್ಲಿ ಜಾರ್ಜ್ ಲ್ಯಾಂಬ್ ಎಂಬ ಸೇನಾವೈದ್ಯನು, ನಾಗರಹಾವಿನ ವಿಷದಿಂದಾದ ಸೀರಮ್ ಕೊಳಕುಮಂಡಲದ ವಿಷವನ್ನು ತಡೆಯಲಾರದೆಂಬುದನ್ನು ಸಿದ್ಧಪಡಿಸಿದನು. ಆಸ್ಟ್ರೇಲಿಯಾದಲ್ಲಿ ಸಿ. ಜೆ. ಮಾರ್ಟಿನ್, ಬ್ರೆಜಿಲಿನಲ್ಲಿ ವಿತಾಲ್ ಬ್ರಾಜಿಲ್ ಇವರೂ ಇಂತಹುದೇ ನಿರ್ಣಯಕ್ಕೆ ಬಂದರು. ಒಂದು ಕುದುರೆಯ ರಕ್ತವು ಜಗತ್ತಿನ ಹಾವುಗಳಿಗೆಲ್ಲ ಉತ್ತರವಾಗದೆಂಬುದು ಹೀಗೆ ಸ್ಥಿರಪಟ್ಟಿತು. ೧೯೦೫ರಲ್ಲಿ ಸ್ಥಾಪಿತವಾದ ಕಸೌಲಿಯ ಕೇಂದ್ರ ಸಂಶೋಧನಾಲಯವು ನಾಗರಹಾವು ಮತ್ತು ಕೊಳಕುಮಂಡಲಗಳೆರಡಕ್ಕೂ ಪ್ರತಿವಿಷವನ್ನು ತಯಾರಿಸಿತು. ಪರೇಲಿನ ಪ್ರಯೋಗಾಲಯವು ೧೯೨೫ರಲ್ಲಿ ಹಾಫ್‌ಕಿನ್ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ೧೯೪೦ರ ದಶಕದಲ್ಲಿ ಅದು ಈ ಎರಡರ ಜೊತೆಗೆ ಕಟ್ಟುಹಾವು, ಗರಗಸಮಂಡಲಗಳನ್ನೂ ಸೇರಿಸಿ, ನಾಲ್ಕು ಹಾವುಗಳಿಗೆ ಒಂದೇ ಪ್ರತಿವಿಷವನ್ನು ಒದಗಿಸಿತು.

ಆಗ ನಮ್ಮ ಮೂರು ತಾಲೂಕುಗಳೂ ಅದೇ ಮುಂಬಯಿ ಪ್ರಾಂತದೊಳಗೇ ಇದ್ದವು. ಆದರೂ ಒಂದೇ ಸರಕಾರದಡಿ ಇರುವುದು ಬೇರೆ, ಔಷಧವು ಕೈಗೆಟುಕುವುದು ಬೇರೆ. ದ್ರವರೂಪದ ಸೀರಮನ್ನು ತಂಪಿನಲ್ಲಿರಿಸಬೇಕು. ಶಿರಸಿ, ಯಲ್ಲಾಪುರಗಳಿಗೆ ಇಂದಿಗೂ ರೈಲು ಬಂದಿಲ್ಲ. ಮುಂದೆ ಶೈತ್ಯದಲ್ಲಿ ಒಣಗಿಸಿದ ಪುಡಿಯ ರೂಪದ ಪ್ರತಿವಿಷವು ಬಳಕೆಗೆ ಬಂದುದು ಇಂತಹ ಊರುಗಳ ದೃಷ್ಟಿಯಿಂದ ಮಹತ್ತ್ವದ ಬದಲಾವಣೆ. ೧೯೫೬ರ ನವೆಂಬರ್ ೧ರಂದು ಜಿಲ್ಲೆಯು ಮೈಸೂರು ರಾಜ್ಯದಲ್ಲಿ ಸೇರಿತು. ಕುದುರೆಲಾಯವು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು.

ಇಂದಿನ ತಯಾರಿಕೆಯಲ್ಲಿ ಕುದುರೆಯ ಪ್ಲಾಸ್ಮಾವನ್ನು ಪೆಪ್ಸಿನ್ ಎಂಬ ಪಾಚಕದಿಂದ ಸಂಸ್ಕರಿಸಿ, ಬೇಡದ ಪ್ರೋಟೀನುಗಳನ್ನು ಬೇರ್ಪಡಿಸುತ್ತಾರೆ. ಹತ್ತು ಮಿಲಿಲೀಟರಿನ ಸೀಸೆಯಲ್ಲಿ ಒಂದೊಂದು ಮಿಲಿಲೀಟರೂ ನಾಗರಹಾವು ಮತ್ತು ಕೊಳಕುಮಂಡಲಗಳ ೦.೬ ಮಿಲಿಗ್ರಾಂ, ಕಟ್ಟುಹಾವು ಮತ್ತು ಗರಗಸಮಂಡಲಗಳ ೦.೪೫ ಮಿಲಿಗ್ರಾಂ ವಿಷವನ್ನು ತಡೆಯತಕ್ಕದ್ದೆಂಬುದು ನಿಯಮ. ಆದರೆ ಯಾವ ಊರಿನ ಹಾವಿನ ವಿಷ? ೧೯೭೮ರಲ್ಲಿ ಸ್ಥಾಪಿತವಾದ ತಮಿಳುನಾಡಿನ ಇರುಳರ ಸಹಕಾರ ಸಂಘವೇ ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ಬಹುಭಾಗವನ್ನು ಒದಗಿಸುತ್ತ ಬಂದಿದೆ. ಪೂರ್ವ ಕರಾವಳಿಯ ಹಾವಿಗೂ ಇತರ ಪ್ರದೇಶಗಳ ಅದೇ ಜಾತಿಯ ಹಾವಿಗೂ ವಿಷದಲ್ಲಿ ವ್ಯತ್ಯಾಸವಿರಬಹುದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ೨೦೧೯ರಿಂದೀಚೆಗಿನ ಲೇಖನಗಳಲ್ಲಿ ತೋರಿಸಿದ್ದಾರೆ.

ನಮ್ಮ ಕಾಡಿನಲ್ಲಿ ಈ ನಾಲ್ಕರ ಪಟ್ಟಿಗೆ ಸೇರದ ವಿಷಸರ್ಪಗಳೂ ಉಂಟು. ಪಶ್ಚಿಮ ಘಟ್ಟದ ಉಬ್ಬುಮೂಗಿನ ಗುಳಿಮಂಡಲವು ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಾಪಾಯ ತರಬಲ್ಲದೆಂದೂ, ಅದನ್ನು ಗರಗಸಮಂಡಲವೆಂದು ಭ್ರಮಿಸಿ ಕೊಟ್ಟ ಪ್ರತಿವಿಷವು ಫಲಿಸದೆಂದೂ ಕೇರಳದ ವೈದ್ಯರು ೨೦೦೭ರಲ್ಲಿ ವರದಿಮಾಡಿದರು. ವಿಡಾಲನು ೧೮೯೦ರಲ್ಲಿ ಎತ್ತಿದ ಪ್ರಶ್ನೆಯೇ ಇಲ್ಲಿ ಮರಳಿ ಎದುರಾಗುತ್ತದೆ. ಘಟ್ಟದ ಕಾಳಿಂಗಸರ್ಪವು ೨೦೨೪ರಲ್ಲಿ ಪ್ರತ್ಯೇಕ ಜಾತಿಯೆಂದು ಮಾನ್ಯವಾಗಿ, ‘ಕಾಳಿಂಗ’ ಎಂಬ ಕನ್ನಡದ ಹೆಸರನ್ನೇ ವಿಜ್ಞಾನದಲ್ಲಿಯೂ ಪಡೆಯಿತು. ಹೆಸರು ನಮ್ಮದಾಯಿತು; ಆದರೆ ನಾಲ್ಕು ಹಾವುಗಳ ಪ್ರತಿವಿಷವು ಕಾಳಿಂಗಕ್ಕೆಂದು ತಯಾರಾದುದಲ್ಲ.

ಇದರಿಂದ ಪ್ರತಿವಿಷವು ವ್ಯರ್ಥವೆಂದು ಯಾರೂ ಭಾವಿಸಬಾರದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲಗಳು ನಮ್ಮ ಸೀಮೆಯಲ್ಲಿಯೂ ಇವೆ. ಅವು ಕಚ್ಚಿದವನು ತಡಮಾಡದೆ ಆಸ್ಪತ್ರೆಯನ್ನು ಸೇರಿದರೆ ಬದುಕಿಸಬಲ್ಲ ಔಷಧ ಅದೊಂದೇ. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಸುಮಾರು ಹನ್ನೆರಡು ಲಕ್ಷ ಜನ ಹಾವಿನ ಕಡಿತದಿಂದ ಸತ್ತರೆಂದು ವಿದ್ವಾಂಸರು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಬಹುಮಂದಿ ಹಳ್ಳಿಗರು.

೨೦೨೪ರಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕೆಂದು ವಿಧಿಸಿತು. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಈ ಆಜ್ಞೆಯು ಕೇವಲ ಆಡಳಿತದ ಕ್ರಮವೆಂದು ತೋರದು. ಯಾವ ತಾಲೂಕಿನಲ್ಲಿ, ಯಾವ ತಿಂಗಳಿನಲ್ಲಿ, ಯಾವ ಕೆಲಸದಲ್ಲಿದ್ದವನನ್ನು ಯಾವ ಹಾವು ಕಚ್ಚಿತೆಂಬುದು ದಾಖಲೆಗೆ ಬಂದಲ್ಲದೆ, ಯಾವ ವಿಷವನ್ನು ಕುದುರೆಗೆ ಚುಚ್ಚಬೇಕೆಂಬುದು ನಿರ್ಣಯವಾಗದು. ಆದುದರಿಂದ ಹಾವಿನ ಹೆಸರನ್ನು ಸರಿಯಾಗಿ ಬರೆದಿಡುವ ಕೆಲಸವೂ ಔಷಧದ ತಯಾರಿಕೆಯ ಒಂದು ಭಾಗವೇ ಎಂಬುದು ನಮ್ಮ ಅಭಿಪ್ರಾಯ. ಈ ಸೀಮೆಯ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅದರಲ್ಲಿ ಕೈಜೋಡಿಸಲು ವಿಪುಲ ಅವಕಾಶವಿದೆ.