ಗಾಳಿಯನ್ನು ನಂಬಿದ ಊರು

ಪ್ರವಾಸ ಹೊರಡುವವರು ಸಾಮಾನ್ಯವಾಗಿ ಗಾಳಿ ಮಳೆಗಳ ಕಾಟವಿಲ್ಲದ ದಿನಗಳನ್ನು ಆರಿಸಿಕೊಳ್ಳುತ್ತಾರೆ. ಆದರೆ ಗಾಳಿ ಜೋರಾಗಿ ಬೀಸುವ ತಿಂಗಳು ಯಾವುದೆಂದು ವಿಚಾರಿಸಿ, ಅದಕ್ಕೆ ತಕ್ಕಂತೆ ರಜೆ ಹೊಂದಿಸಿಕೊಳ್ಳುವವರೂ ಇದ್ದಾರೆ. ಅವರು ವಿಂಡ್‌ಸರ್ಫಿಂಗ್ ಆಡುವವರು. ಹಲಗೆಯ ಮೇಲೆ ನಿಂತು, ಅದಕ್ಕೆ ಜೋಡಿಸಿದ ಹಾಯಿಯನ್ನು ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ನೀರಿನ ಮೇಲೆ ಧಾವಿಸುವ ಈ ಆಟ ರೂಪುಗೊಂಡದ್ದು 1960ರ ದಶಕದಲ್ಲಿ, ಅಮೆರಿಕದಲ್ಲಿ. 1984ರಲ್ಲಿ ಅದು ಒಲಿಂಪಿಕ್ ಕ್ರೀಡೆಯೂ ಆಯಿತು. ಈ ಆಟಗಾರರು ಮೆಚ್ಚುವ ಊರುಗಳಲ್ಲಿ ಮೊರಾಕ್ಕೊದ ಅಟ್ಲಾಂಟಿಕ್ ತೀರದ ಎಸ್ಸಾವಿರಾ ಒಂದು. ಅಲ್ಲಿಗೆ ಹೊರಡುವವರು ಗಾಳಿಯ ಲೆಕ್ಕದೊಂದಿಗೆ ಊರಿನ ಚರಿತ್ರೆಯನ್ನೂ ತಿಳಿದುಕೊಂಡರೆ ಒಳ್ಳೆಯದು. ಏಕೆಂದರೆ ಇಲ್ಲಿ ಅವೆರಡೂ ಬೇರೆ ಬೇರೆಯಲ್ಲ.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಉತ್ತರದ ಕಡೆಯಿಂದ ವಾಣಿಜ್ಯ ಮಾರುತ ಬೀಸುತ್ತದೆ. ಬೇಸಿಗೆಯಲ್ಲಿ ಸಹರಾ ಮರುಭೂಮಿ ಕಾದು ಅಲ್ಲಿ ವಾಯುಭಾರ ಕುಸಿಯುತ್ತದೆ. ಅಜೋರ್ಸ್ ದ್ವೀಪಗಳ ಸುತ್ತಿನ ಸಾಗರದ ಮೇಲೆ ಒತ್ತಡ ಹೆಚ್ಚಿರುತ್ತದೆ. ಈ ಎರಡರ ನಡುವಿನ ಅಂತರವೇ ಗಾಳಿಗೆ ಬಲ. ನೆಲ ಕಾದು ಗಾಳಿಯನ್ನು ಎಳೆಯುವ ಈ ಕ್ರಮ ನಮ್ಮ ಮುಂಗಾರನ್ನು ನೆನಪಿಸುತ್ತದೆ. ಆದರೆ ಮುಂಗಾರು ಒದ್ದೆ ಗಾಳಿಯನ್ನು ಒಳನಾಡಿಗೆ ತಂದು ಮಳೆ ಸುರಿಸಿದರೆ, ಎಸ್ಸಾವಿರಾದ ಗಾಳಿ ದಡದ ಉದ್ದಕ್ಕೆ ಬೀಸುತ್ತದೆ, ಮಳೆ ತರುವುದಿಲ್ಲ. ಭೂಮಿಯ ತಿರುಗುವಿಕೆಯಿಂದಾಗಿ ಅದು ಮೇಲ್ಪದರದ ನೀರನ್ನು ಸಾಗರದತ್ತ ಸರಿಸುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಆ ನೀರಿನಲ್ಲಿ ಪೋಷಕಾಂಶ ಹೆಚ್ಚು, ಆದ್ದರಿಂದ ಮೀನೂ ಹೆಚ್ಚು. ನಮ್ಮ ಕರಾವಳಿಯ ಬೂತಾಯಿಯ ಬಳಗಕ್ಕೆ ಸೇರಿದ ಸಾರ್ಡಿನ್ ಮೀನು ಇಲ್ಲಿ ಹೇರಳ. ಆಗಸ್ಟ್‌ನಲ್ಲಿ ಒಳನಾಡಿನ ಮರಾಕೇಶ್ 38 ಡಿಗ್ರಿಯಲ್ಲಿ ಬೇಯುತ್ತಿದ್ದರೆ, ಸುಮಾರು 180 ಕಿ.ಮೀ. ದೂರದ ಎಸ್ಸಾವಿರಾದಲ್ಲಿ 22 ಡಿಗ್ರಿಯ ಆಸುಪಾಸು. ನೀರಿಗಿಳಿಯುವವರಿಗೆ ಮೈ ಬೆಚ್ಚಗಿಡುವ ರಬ್ಬರಿನ ಉಡುಪು ಬೇಕೇ ಬೇಕು.

ಗಾಳಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ, ಕೊಲ್ಲಿಯ ಬಾಯಿಗೆ ಅಡ್ಡಲಾಗಿರುವ ಪುಟ್ಟ ದ್ವೀಪ. ಅದು ಸಾಗರದ ದೊಡ್ಡ ಅಲೆಗಳನ್ನು ತಡೆಯುವುದರಿಂದ ಕೊಲ್ಲಿಯಲ್ಲಿ ಹೊಸಬರೂ ಆಟ ಕಲಿಯಬಹುದು. ದೊಡ್ಡ ಅಲೆಗಳನ್ನು ಬಯಸುವ ನುರಿತವರು ಉತ್ತರದ ಮೂಲೆ ಬುಜೆರ್ಕ್ತೂನ್ ಹಳ್ಳಿಗೋ ದಕ್ಷಿಣದ ಸಿದಿ ಕಾವ್ಕಿಗೋ ಹೋಗುತ್ತಾರೆ. ಇದೇ ಮರೆಯನ್ನು ನೆಚ್ಚಿ ಕ್ರಿ.ಪೂ. 7ನೆಯ ಶತಮಾನದಲ್ಲಿ ಫಿನೀಷಿಯನ್ ನಾವಿಕರು ಆ ದ್ವೀಪದಲ್ಲಿ ತಂಗಿದರು. ಮುಂದೆ ರೋಮನರ ಮಿತ್ರನಾಗಿದ್ದ ಎರಡನೆಯ ಜೂಬಾ ಅರಸ ಇಲ್ಲಿ ಕಡಲ ಶಂಖುಗಳಿಂದ ಕೆನ್ನೀಲಿ ಬಣ್ಣ ತೆಗೆಯುವ ಕೈಗಾರಿಕೆ ನಡೆಸಿದ. 1506ರಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿದರಾದರೂ ಹೆಚ್ಚು ಕಾಲ ನಿಲ್ಲಲಿಲ್ಲ.

ಇಂದು ಕಾಣುವ ಊರನ್ನು ಕಟ್ಟಿಸಿದವನು ಸುಲ್ತಾನ ಮೂರನೆಯ ಮಹಮ್ಮದ್ ಬಿನ್ ಅಬ್ದುಲ್ಲಾ, 1760ರ ದಶಕದಲ್ಲಿ. ದಕ್ಷಿಣದ ಅಗಾದಿರ್ ಬಂದರಿನ ವ್ಯಾಪಾರವನ್ನು ತನ್ನ ಹಿಡಿತಕ್ಕೆ ತರುವುದು ಅವನ ಉದ್ದೇಶವಾಗಿತ್ತು. ಫ್ರಾನ್ಸಿನ ತೆಯೊದೋರ್ ಕೊರ್ನು ಎಂಬ ಶಿಲ್ಪಿಯಿಂದ ನಕ್ಷೆ ಮಾಡಿಸಿದ. ಹೀಗಾಗಿಯೇ ಇಲ್ಲಿ ಇತರ ಮೊರಾಕ್ಕೊ ಪಟ್ಟಣಗಳಿಗಿಂತ ಭಿನ್ನವಾದ ನೇರ ಬೀದಿಗಳೂ ಯುರೋಪಿನ ಮಾದರಿಯ ಕೊತ್ತಲಗಳೂ ಇವೆ. ಟಿಂಬಕ್ಟೂ ಕಡೆಯಿಂದ ಒಂಟೆಗಳ ಸಾಲಿನಲ್ಲಿ ಬಂದ ಚಿನ್ನ, ದಂತ, ಉಷ್ಟ್ರಪಕ್ಷಿಯ ಗರಿಗಳು ಇಲ್ಲಿ ಹಡಗೇರಿದವು. ಗುಲಾಮರನ್ನೂ ಅದೇ ದಾರಿಯಲ್ಲಿ ತರಲಾಯಿತೆಂಬುದನ್ನು ಮರೆಯುವಂತಿಲ್ಲ. ಅಂಥವರ ಸಂತತಿಯ ಗ್ನಾವಾ ಸಂಗೀತಕ್ಕೆ 1998ರಿಂದ ಇಲ್ಲಿ ಉತ್ಸವ ನಡೆಯುತ್ತಿದೆ. ವಿದೇಶ ವ್ಯಾಪಾರಕ್ಕಾಗಿ ಸುಲ್ತಾನ ಯಹೂದಿ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಮುಸ್ಲಿಮರೂ ಯಹೂದಿಯರೂ ಒಂದೇ ಗೋಡೆಯೊಳಗೆ ಬಾಳಿದ ಊರಿದು.

ಆ ವೈಭವ ಉಳಿಯಲಿಲ್ಲ. 1844ರಲ್ಲಿ ಫ್ರೆಂಚ್ ನೌಕಾಪಡೆ ಊರಿನ ಮೇಲೆ ಫಿರಂಗಿ ಹಾರಿಸಿತು. ಅದಕ್ಕಿಂತಲೂ ದೊಡ್ಡ ಏಟು ಬಿದ್ದದ್ದು ಹಬೆಹಡಗುಗಳಿಂದ. ಅವಕ್ಕೆ ಗಾಳಿಯ ಹಂಗಿರಲಿಲ್ಲ, ದೊಡ್ಡ ಹಡಗುಗಳಿಗೆ ಈ ಬಂದರಿನ ಆಳ ಸಾಲಲಿಲ್ಲ. 1912ರಲ್ಲಿ ಫ್ರೆಂಚರ ಆಡಳಿತ ಬಂದ ಮೇಲೆ ಕಾಸಬ್ಲಾಂಕಾ ದೇಶದ ಮುಖ್ಯ ಬಂದರಾಯಿತು. 1948ರ ಬಳಿಕ ಯಹೂದಿಯರು ತಂಡತಂಡವಾಗಿ ವಲಸೆ ಹೋದರು. ಇಂದು ಅಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಮೊಗದೋರ್ ಎಂದು ಯುರೋಪಿಯನ್ನರು ಕರೆಯುತ್ತಿದ್ದ ಊರಿಗೆ 1956ರ ಸ್ವಾತಂತ್ರ್ಯದ ನಂತರ ಎಸ್ಸಾವಿರಾ ಎಂಬ ಹೆಸರೇ ಸ್ಥಿರವಾಯಿತು. 1949ರಲ್ಲಿ ಆರ್ಸನ್ ವೆಲ್ಸ್ ತನ್ನ 'ಒಥೆಲೊ' ಚಿತ್ರಕ್ಕೆ ಈ ಕೋಟೆಗೋಡೆಗಳನ್ನು ಬಳಸಿಕೊಂಡಾಗ, ಊರು ತನ್ನ ಹಿರಿಮೆಯನ್ನು ಬಹುಮಟ್ಟಿಗೆ ಕಳೆದುಕೊಂಡಿತ್ತು.

ಒಂದು ದೃಷ್ಟಿಯಿಂದ ಆ ಮರೆವೇ ಊರನ್ನು ಕಾಪಾಡಿತು. ಮರಳು ಹಾರಿಸುವ ಗಾಳಿಯಲ್ಲಿ ಬಿಸಿಲು ಕಾಯಿಸಿಕೊಳ್ಳಲು ಯಾರೂ ಇಷ್ಟಪಡರು. ಅಂಥ ಪ್ರವಾಸಿಗಳು ಅಗಾದಿರ್‌ಗೆ ಹೋದರು, ದೊಡ್ಡ ಹೋಟೆಲುಗಳೂ ಅಲ್ಲೇ ಎದ್ದವು. ಎಸ್ಸಾವಿರಾದ ಹಳೆಯ ಊರು ಹೆಚ್ಚು ಕೆಡದೆ ಉಳಿಯಿತು, 2001ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಷ್ಟರಲ್ಲಿ ಗಾಳಿಯನ್ನೇ ಅರಸಿ ಬರುವವರೂ ದೊರೆತಿದ್ದರು.

ಹಾಯಿಹಡಗುಗಳು ಮರೆಯಾದಾಗ ಊರಿನ ಗಾಳಿಗೆ ಬೆಲೆ ಇಲ್ಲವಾಗಿತ್ತು. ಅದೇ ಹಾಯಿ, ಹಲಗೆಯ ಮೇಲೇರಿ ಕೊಲ್ಲಿಗೆ ಮರಳಿದೆ. ಆದರೆ ಹಿಂದಿನ ಹಾಯಿಗಳು ಸರಕನ್ನೂ ಜನರನ್ನೂ ತಂದು ಇಲ್ಲಿ ನೆಲೆಗೊಳಿಸಿದವು. ಇಂದಿನವು ಬೇಸಿಗೆ ಮುಗಿದೊಡನೆ ಮಡಿಚಿ ಹೊರಡುತ್ತವೆ. ಗಾಳಿ ಬೀಸದ ದಿನ ಸಿಕ್ಕರೆ ಆಟಗಾರರು ಬೇಸರಪಡಬೇಕಿಲ್ಲ. ಯಹೂದಿಯರ ಹಳೆಯ ಕೇರಿಯಲ್ಲಿ ಒಂದು ಸುತ್ತು ನಡೆದು ಬಂದರೆ, ತಮಗಿಂತ ಮುಂಚೆ ಈ ಗಾಳಿಯನ್ನು ನಂಬಿ ಬಂದವರ ಮನೆಗಳನ್ನು ಕಂಡಂತಾಗುತ್ತದೆ.